ಹಳೆ ಕಾರಿನಲ್ಲಿ ಪೆಟ್ರೋಲ್ ವಾಸನೆ, ಎಮಿಷನ್ ಫೇಲ್: ತಪ್ಪು ಹುಡುಕುವ ಕ್ರಮ

"ಗಾಡ್ಯಾಗ ಪೆಟ್ರೋಲ್ ವಾಸನಿ ಬರ್ತದ್ರಿ" ಎಂದು ಬಂದವರನ್ನು ಹೆಚ್ಚಿನ ಗ್ಯಾರೇಜಿನವರು "ಎಲ್ಲಿಂದ?" ಎಂದು ಕೇಳುತ್ತಾರೆ. ಕೇಳಬೇಕಾದದ್ದು "ಯಾವಾಗ?" ಎಂದು. ಟಾಕಿ ತುಂಬಿಸಿದ ಮೇಲೆಯೋ, ಬಿಸಿಲಲ್ಲಿ ನಿಂತಾಗಲೋ, ಓಡುವಾಗಲೋ, ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗಲೋ? ಈ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಇದನ್ನು ಕೇಳದೆಯೇ ಆಕ್ಸಿಜನ್ ಸೆನ್ಸರ್, ಆಮೇಲೆ ಕ್ಯಾಟಲಿಟಿಕ್ ಕನ್ವರ್ಟರ್ ಎಂದು ಬದಲಿಸುತ್ತ ಹೋಗಿ, ಕೊನೆಗೆ ಒಂದು ಗೇಣು ಉದ್ದದ ಒಡೆದ ರಬ್ಬರ್ ಹೋಸ್‌ನಲ್ಲಿ ತಪ್ಪು ಸಿಕ್ಕ ಗಾಡಿಗಳು ಕಡಿಮೆಯಿಲ್ಲ.

ಇಲ್ಲಿ ಹೇಳುವುದು ಪೆಟ್ರೋಲ್ ಕಾರುಗಳ ಮಾತು: ಮಾರುತಿ 800, ಆಲ್ಟೊ, ಝೆನ್, ವ್ಯಾಗನ್‌ಆರ್, ಸ್ಯಾಂಟ್ರೊ, ಹಾಗೂ ಬಿಎಸ್ 4 (ಭಾರತ್ ಸ್ಟೇಜ್ ಹೊಗೆ ನಿಯಮದ ನಾಲ್ಕನೇ ಹಂತ) ಕಾಲದವರೆಗಿನ ಅವುಗಳ ವಾರಿಗೆಯವು. ಕೆಎ 22, 28, 29 ನಂಬರಿನ ಇಂಥ ಗಾಡಿಗಳು 15 ವರ್ಷ ದಾಟಿ, ಆರ್‌ಸಿ ನವೀಕರಣಕ್ಕೆ ನಿಂತಿವೆ. ಡೀಸೆಲ್ ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ಹಾಗಾಗಿ ಅದಕ್ಕೆ ಈ ವ್ಯವಸ್ಥೆಯೇ ಇಲ್ಲ.

ಆವಿ ಹೋಗುವ ದಾರಿ

ಪೆಟ್ರೋಲಿನ ಹಗುರ ಅಂಶಗಳು 35ರಿಂದ 40 ಡಿಗ್ರಿಯಲ್ಲೇ ಕುದಿಯಲು ಶುರುವಾಗುತ್ತವೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್–ಮೇ ಬಿಸಿಲು 40 ದಾಟುತ್ತದೆ, ಕೆಳಗಿನ ಡಾಂಬರು ಅದಕ್ಕಿಂತ ಹೆಚ್ಚು ಕಾದಿರುತ್ತದೆ. ಎಂಜಿನ್ ಆಫ್ ಇದ್ದರೂ ಟ್ಯಾಂಕು ಆವಿ ಬಿಡುತ್ತಲೇ ಇರುತ್ತದೆ. ಆ ಆವಿ ಒಂದು ಪೈಪಿನಲ್ಲಿ ಕ್ಯಾನಿಸ್ಟರ್‌ಗೆ ಬರುತ್ತದೆ. ಕ್ಯಾನಿಸ್ಟರ್ ಎಂದರೆ ಸಕ್ರಿಯ ಇದ್ದಿಲು ತುಂಬಿದ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಇದ್ದಿಲು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಬಿಸಿಯಾಗಿ ಗಾಡಿ ಓಡುವಾಗ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಪರ್ಜ್ ವಾಲ್ವನ್ನು ತೆರೆಯುತ್ತದೆ. ಆಗ ಇನ್‌ಟೇಕ್ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಆ ಆವಿಯನ್ನು ಎಳೆದು ಸುಡುತ್ತದೆ. ಡಬ್ಬಿಯ ಮೂರನೇ ಬಾಯಿಯಿಂದ ಹೊರಗಿನ ಗಾಳಿ ಒಳಬಂದು ಇದ್ದಿಲನ್ನು ತೊಳೆಯುತ್ತದೆ. ಕಾರ್ಬ್ಯುರೇಟರ್ ಗಾಡಿಗಳಲ್ಲಿ ಇಸಿಯು ಇಲ್ಲದ ಕಾರಣ, ಬಿಸಿಗೆ ತೆರೆದುಕೊಳ್ಳುವ ಥರ್ಮಲ್ ವ್ಯಾಕ್ಯೂಮ್ ವಾಲ್ವ್ ಈ ಕೆಲಸ ಮಾಡುತ್ತದೆ.

ಟ್ಯಾಂಕಿನಿಂದ ಬರುವ ದಾರಿ, ಎಂಜಿನ್‌ಗೆ ಹೋಗುವ ದಾರಿ, ಹೊರಗಾಳಿಯ ದಾರಿ ಮೂರನ್ನೂ ತಲೆಯಲ್ಲಿಟ್ಟುಕೊಳ್ಳಿ. ಮುಂದಿನ ಪರೀಕ್ಷೆಗಳೆಲ್ಲ ಇವುಗಳಲ್ಲಿ ಯಾವುದು ಕಟ್ಟಿದೆ, ಯಾವುದು ಸೋರುತ್ತಿದೆ ಎಂದು ನೋಡುವುದಷ್ಟೇ.

ಕೈ ಹಾಕುವ ಮುಂಚೆ

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಕೂರುತ್ತದೆ. ಅದಕ್ಕೇ ಪಿಟ್‌ನಲ್ಲಿ ಈ ಕೆಲಸ ಬೇಡ, ಬಯಲಿನಲ್ಲಿ ಮಾಡಿ. ಎಂಜಿನ್ ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಪುಡಿಯ ಅಗ್ನಿಶಾಮಕ ಪಕ್ಕದಲ್ಲಿರಲಿ. ಬೀಡಿಯ ಅಥವಾ ಊದುಬತ್ತಿಯ ಹೊಗೆ ಬಿಟ್ಟು ಲೀಕ್ ಹುಡುಕುವ ಅಡ್ಡದಾರಿಯನ್ನು ಇನ್ನೂ ಕೆಲವರು ಹೇಳಿಕೊಡುತ್ತಾರೆ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಅದನ್ನು ಮಾಡುವವರ ಪಕ್ಕ ನಿಲ್ಲಬೇಡಿ.

ದ್ರವ ಪೆಟ್ರೋಲೇ ತೊಟ್ಟಿಕ್ಕುತ್ತಿದ್ದರೆ ಅದು ಆವಿಯ ಸಮಸ್ಯೆಯಲ್ಲ. ಇಂಜೆಕ್ಷನ್ ಗಾಡಿಯ ಲೈನಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ. ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ಬಂದ್ ಆಗುವವರೆಗೆ ಓಡಿಸಿ ಒತ್ತಡ ಇಳಿಸಿದ ಮೇಲೆಯೇ ಆ ಲೈನ್ ಬಿಚ್ಚಿ. ಸೋರಿಕೆ ಸರಿಯಾಗುವವರೆಗೆ ಗಾಡಿ ಓಡಿಸಬೇಡಿ.

ಯಾವಾಗ ಬರುತ್ತದೆ ಎಂಬುದರ ಅರ್ಥ

ಟಾಕಿ ಫುಲ್ ಮಾಡಿಸಿದ ದಿನ ಮಾತ್ರ ವಾಸನೆ ಬಂದು, ಅರ್ಧಕ್ಕೆ ಇಳಿದಾಗ ಹೋದರೆ ತಪ್ಪು ಟ್ಯಾಂಕಿನ ಮೇಲ್ಭಾಗದಲ್ಲಿದೆ. ಪಂಪ್ ಅಥವಾ ಗೇಜ್ ಯೂನಿಟ್‌ನ ಗ್ಯಾಸ್ಕೆಟ್, ಫಿಲ್ಲರ್ ಹೋಸ್, ಬ್ರೀದರ್ ಹೋಸ್ ನೋಡಿ. ಹಲವು ಗಾಡಿಗಳಲ್ಲಿ ಹಿಂದಿನ ಸೀಟ್ ಎತ್ತಿದರೆ ಪಂಪಿನ ಮುಚ್ಚಳ ಕಾಣುತ್ತದೆ. ಅದರ ಸುತ್ತ ಒದ್ದೆಯಾಗಿ ಕಪ್ಪಾದ ಧೂಳಿನ ಉಂಗುರ ಇದ್ದರೆ ಬೇರೆ ಸಾಕ್ಷಿ ಬೇಡ.

ಬಿಸಿಲಲ್ಲಿ ನಿಂತಾಗ ಎಂಜಿನ್ ಕಡೆಯಿಂದ ವಾಸನೆ ಬಂದರೆ ಕ್ಯಾನಿಸ್ಟರ್ ತುಂಬಿ ಉಕ್ಕುತ್ತಿದೆ, ಇಲ್ಲವೇ ಅದರ ಹೋಸ್ ಕಳಚಿದೆ. ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸಿದ ತಕ್ಷಣ ಸ್ಟಾರ್ಟ್ ಆಗಲು ತಕರಾರು, ಸ್ಟಾರ್ಟ್ ಆದರೂ ಐಡ್ಲಿಂಗ್‌ನಲ್ಲಿ ನಡುಕ, ಎರಡು ನಿಮಿಷ ರೇಸ್ ಕೊಟ್ಟ ಮೇಲೆ ಸರಿ ಎಂದಾದರೆ ಪರ್ಜ್ ವಾಲ್ವ್ ತೆರೆದೇ ಉಳಿದಿದೆ. ಹೈವೇಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ಪಿಕಪ್ ಸತ್ತು, ಟ್ಯಾಂಕ್ ಮುಚ್ಚಳ ತೆಗೆದಾಗ "ಭುಸ್" ಎಂದು ಗಾಳಿ ಒಳಗೆ ನುಗ್ಗಿ, ಮತ್ತೆ ಗಾಡಿ ಸಲೀಸಾಗಿ ಹೋದರೆ ಹೊರಗಾಳಿಯ ದಾರಿ ಮುಚ್ಚಿದೆ. ಇಂಥ ಗಾಡಿಯ ಪಂಪ್ ಬದಲಿಸಿದರೆ ಹೊಸ ಪಂಪೂ ಅದೇ ರಾಗ ಹಾಡುತ್ತದೆ. ತುಂಬ ದಿನ ಬಿಟ್ಟರೆ ವ್ಯಾಕ್ಯೂಮ್‌ಗೆ ಟ್ಯಾಂಕಿನ ತಗಡು ಒಳಗೆ ತಗ್ಗುವುದೂ ಉಂಟು.

ಎಲ್‌ಪಿಜಿ ಕಿಟ್ ಹಾಕಿಸಿದ ಗಾಡಿಯಾದರೆ ಒಂದು ಮಾತು. ಕಿಟ್ ಕೂರಿಸುವಾಗ ಪರ್ಜ್ ಹೋಸ್ ಕಿತ್ತು, ಬಾಯಿಗೆ ಸ್ಕ್ರೂ ತಿರುಗಿಸಿ ಬಿಟ್ಟವರಿದ್ದಾರೆ. ಆ ಹೋಸ್ ಜಾಗದಲ್ಲಿದೆಯೇ ಎಂದು ಮೊದಲು ನೋಡಿ.

ಮುಚ್ಚಳ, ಆಮೇಲೆ ಹೋಸ್

ಟ್ಯಾಂಕ್ ಮುಚ್ಚಳದ ರಬ್ಬರ್ ರಿಂಗನ್ನು ಉಗುರಿನಿಂದ ಒತ್ತಿ. ಕಲ್ಲಿನಂತೆ ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ಅದರ ಕಾಲ ಮುಗಿಯಿತು. ಮುಚ್ಚಳದ ಒಳಗೆ ಚಿಕ್ಕ ವ್ಯಾಕ್ಯೂಮ್ ವಾಲ್ವ್ ಇರುತ್ತದೆ, ಹೊರಗಾಳಿಯನ್ನು ಒಳಗೆ ಬಿಡುವುದು ಅದರ ಕೆಲಸ. ಬಜಾರಿನಲ್ಲಿ ಸಿಗುವ ಅಗ್ಗದ ಕೀಲಿ ಮುಚ್ಚಳಗಳಲ್ಲಿ ಕೆಲವಕ್ಕೆ ಆ ವಾಲ್ವೇ ಇರುವುದಿಲ್ಲ. ಕೊಳ್ಳುವಾಗ ಹಿಂದು ಮುಂದು ನೋಡಿ. ತೆಗೆಯುವಾಗ ಸಣ್ಣ "ಸುಸ್" ಸದ್ದು ಸಹಜ, ಬೇಸಿಗೆಯಲ್ಲಿ ಸ್ವಲ್ಪ ಜೋರಾಗಿಯೂ ಬರುತ್ತದೆ.

ಹೋಸ್ ವಿಷಯದಲ್ಲಿ ಈಗಿನ ಪೆಟ್ರೋಲ್ ಬೇರೆ ಎಂಬುದು ನೆನಪಿರಲಿ. ಮುಧೋಳ, ಜಮಖಂಡಿ, ಅಥಣಿ ಸೀಮೆಯ ಕಬ್ಬಿನಿಂದ ಆಗುವ ಎಥನಾಲ್ ಈಗ ಪೆಟ್ರೋಲಿನೊಳಗೆ ಶೇ 20ರವರೆಗೆ ಬೆರೆತು ಬರುತ್ತದೆ. 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ರಬ್ಬರು, ಪ್ಲಾಸ್ಟಿಕ್ಕು ಅದನ್ನು ತಡೆದುಕೊಳ್ಳುವಂಥವು. 2005ರ ಆಲ್ಟೊದ ಹೋಸ್‌ಗೆ ಆ ಭರವಸೆ ಇಲ್ಲ. ಹಳೆ ರಬ್ಬರು ಎಥನಾಲಿಗೆ ಮೊದಲು ಉಬ್ಬುತ್ತದೆ, ಮೆತ್ತಗಾಗುತ್ತದೆ, ಒಣಗಿದಾಗ ಸೀಳುತ್ತದೆ. ಸೀಳು ಹೆಚ್ಚಾಗಿ ಕ್ಲಿಪ್‌ನ ಕೆಳಗೇ ಇರುವುದರಿಂದ ಮೇಲಿಂದ ಕಾಣುವುದಿಲ್ಲ. ಕ್ಲಿಪ್ ಸರಿಸಿ, ಹೋಸ್ ತುದಿಯನ್ನು ಹೆಬ್ಬೆರಳಿನ ಸುತ್ತ ಬಾಗಿಸಿ ನೋಡಿ. ತುದಿಯಲ್ಲಿ ಕೂದಲೆಳೆಯಂಥ ಗೆರೆಗಳು ಕಂಡರೆ ಅಷ್ಟನ್ನೇ ಕತ್ತರಿಸಿ ಮತ್ತೆ ಸಿಕ್ಕಿಸುವ ಉಳಿತಾಯ ಬೇಡ, ಪೂರ್ತಿ ಬದಲಿಸಿ. ಇಲಿ ಕಡಿದ ಗುರುತುಗಳಿಗೂ ಕಣ್ಣಿರಲಿ, ಹೊಲದ ಮನೆಯಲ್ಲಿ ನಿಲ್ಲುವ ಗಾಡಿಗಳಲ್ಲಿ ಇದು ಮಾಮೂಲು.

ಹೊಸ ಹೋಸ್ ಮೇಲೆ ಎಸ್‌ಎಇ ಜೆ30 (ಪೆಟ್ರೋಲ್ ಹೋಸ್‌ನ ಗುಣಮಟ್ಟದ ಗುರುತು) ಎಂಬ ಅಚ್ಚು ಇರಬೇಕು. ಆವಿಯ ಲೈನಿಗೆ ಅದರ ಆರ್7 ದರ್ಜೆ ಸಾಕು. ಒತ್ತಡದ ಪೆಟ್ರೋಲ್ ಲೈನಿಗೆ, ಎಥನಾಲ್ ತಡೆಯುವುದಕ್ಕೆ ಆರ್9 ಒಳ್ಳೆಯದು. ಹಳೆ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಒಳ ಅಳತೆ ವರ್ನಿಯರ್‌ನಲ್ಲಿ ಅಳೆಸಿ. ಒಂದು ಮಿಲಿಮೀಟರ್ ದೊಡ್ಡದು ತಂದು ಕ್ಲಿಪ್ ಬಿಗಿ ಮಾಡಿದರೆ ಮಡಿಕೆ ಬಿದ್ದು ಅಲ್ಲೇ ಸೋರುತ್ತದೆ. ಪಾರದರ್ಶಕ ಪಿವಿಸಿ ಪೈಪ್, ಕಂಪ್ರೆಸರ್‌ನ ಏರ್ ಪೈಪ್ ಯಾವುದೂ ನಡೆಯುವುದಿಲ್ಲ. ಅವು ಪೆಟ್ರೋಲ್ ಆವಿಗೆ ಸೆಟೆದು ಕಡ್ಡಿಯಾಗುತ್ತವೆ.

ಕ್ಯಾನಿಸ್ಟರ್

ಹಲವು ಹಳೆ ಮಾರುತಿಗಳಲ್ಲಿ ಇದು ಬಾನೆಟ್ ಕೆಳಗೆ ಇರುತ್ತದೆ, ಬೇರೆ ಕೆಲವು ಗಾಡಿಗಳಲ್ಲಿ ಹಿಂದೆ ಟ್ಯಾಂಕಿನ ಬಳಿ. ಹೋಸ್ ಬಿಚ್ಚುವ ಮುಂಚೆ ಪ್ರತಿಯೊಂದಕ್ಕೂ ಬಣ್ಣದ ಟೇಪ್ ಸುತ್ತಿ, ಇಲ್ಲದಿದ್ದರೆ ಟ್ಯಾಂಕಿನದು ಪರ್ಜ್‌ಗೆ, ಪರ್ಜ್‌ನದು ಟ್ಯಾಂಕಿಗೆ ಹೋಗುತ್ತದೆ.

ಡಬ್ಬಿ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಹುರಿಗಡಲೆ ಆಡಿದಂತೆ ಕೇಳಿದರೆ ಇದ್ದಿಲು ಹಿಡಿದಿಡುವ ಜಾಲರಿ ಹೋಗಿದೆ. ಆ ಇದ್ದಿಲ ಕಾಳು ಪರ್ಜ್ ವಾಲ್ವಿನೊಳಗೆ ಹೋಗಿ ಕೂತಿರುತ್ತದೆ, ಅಂದರೆ ಎರಡನ್ನೂ ಬದಲಿಸಿ, ನಡುವಿನ ಹೋಸ್‌ಗೆ ಗಾಳಿ ಹೊಡೆದು ಸ್ವಚ್ಛ ಮಾಡಬೇಕು. ಒಂದೇ ಬದಲಿಸಿದರೆ ಒಂದು ತಿಂಗಳಿಗೆ ಗಾಡಿ ವಾಪಸ್ ಬರುತ್ತದೆ.

ಬಗ್ಗಿಸಿದಾಗ ದ್ರವ ಪೆಟ್ರೋಲ್ ಸುರಿದರೆ ಕಾರಣ ಹೆಚ್ಚಾಗಿ ಬಂಕಿನಲ್ಲಿದೆ. ನಳಿಕೆ "ಟಕ್" ಎಂದು ತಾನೇ ನಿಂತ ಮೇಲೂ "ರೌಂಡ್ ಫಿಗರ್ ಮಾಡ್ಲಿ ಏನ್ರಿ?" ಎಂದು ಇನ್ನೊಂದಿಷ್ಟು ಒತ್ತುತ್ತಾರಲ್ಲ, ಅದು ಆವಿಗೆ ಬಿಟ್ಟ ಜಾಗವನ್ನು ತುಂಬುತ್ತದೆ. ಬಿಸಿಲಿಗೆ ಪೆಟ್ರೋಲ್ ಹಿಗ್ಗಿ ಆವಿಯ ಪೈಪಿನಲ್ಲೇ ಹರಿದು ಬಂದು ಇದ್ದಿಲನ್ನು ತೋಯಿಸುತ್ತದೆ. ಒಮ್ಮೆ ಚೆನ್ನಾಗಿ ತೊಯ್ದ ಇದ್ದಿಲು ಮೊದಲಿನಂತೆ ಆವಿ ಹಿಡಿಯುವುದಿಲ್ಲ. ಒಣಗಿಸಿದರೆ ಆಯಿತೆಂದು ಡಬ್ಬಿಯನ್ನು ಬಿಸಿಲಿಗೆ ಇಡುವವರಿದ್ದಾರೆ. ವಾಸನೆ ಕಡಿಮೆಯಾಗುತ್ತದೆ, ಇದ್ದಿಲ ಶಕ್ತಿ ಮರಳುವುದಿಲ್ಲ.

ಗಾಳಿ ಹಾಯುವಿಕೆಯ ಪರೀಕ್ಷೆ: ಡಬ್ಬಿಯ ಟ್ಯಾಂಕ್ ಕಡೆಯ ಬಾಯಿಗೆ ಕೈಪಂಪಿನಿಂದ ಮೆಲ್ಲಗೆ ಗಾಳಿ ಬಿಡಿ, ಉಳಿದ ಎರಡೂ ಬಾಯಿಂದ ಬೆರಳಿಗೆ ತಾಗುವಂತೆ ಬರಬೇಕು. ಬಾಯಿಟ್ಟು ಊದಬೇಡಿ, ಎಳೆಯಲಂತೂ ಬೇಡವೇ ಬೇಡ. ಹೊರಗಾಳಿಯ ಬಾಯಿಂದ ಏನೂ ಬರದಿದ್ದರೆ ಅದರ ತುದಿಯನ್ನು ಟಾರ್ಚ್ ಹಾಕಿ ನೋಡಿ. ನಮ್ಮ ಕಡೆ ಇದಕ್ಕೆ ಮುಖ್ಯ ಕಾರಣ ಎರಡು. ಒಂದು, ಕಣಜ. ಪೈಪಿನ ತೂತಿನೊಳಗೆ ಮಣ್ಣಿನ ಗೂಡು ಕಟ್ಟುವ ಜಾತಿಯದು. ತೆಳ್ಳಗಿನ ಮಣ್ಣಿನ ಬಿರಡೆಯಂತೆ ಕಾಣುತ್ತದೆ, ಹಿಂದೆ ಸತ್ತ ಜೇಡಗಳ ಪುಡಿ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇದು ಬಹಳ. ಇನ್ನೊಂದು, ಎರೆಮಣ್ಣಿನ ಧೂಳು. ಒಣಗಿದ್ದಾಗ ಹಿಟ್ಟು, ಮಳೆಯ ಹನಿ ಬಿದ್ದರೆ ಅಂಟು, ಮತ್ತೆ ಒಣಗಿದರೆ ಕಲ್ಲು. ತೆಳ್ಳಗಿನ ತಂತಿಯಿಂದ ಹೊರಕ್ಕೆ ಕೆರೆದು ತೆಗೆಯಿರಿ, ಒಳಕ್ಕೆ ದೂಡಬೇಡಿ.

ಪರ್ಜ್ ವಾಲ್ವ್

ನಮ್ಮ ಅಂದಾಜಿನಲ್ಲಿ ಅತಿ ಹೆಚ್ಚು ಕಾಡುವುದೂ, ಅತಿ ಕಡಿಮೆ ಪರೀಕ್ಷೆಗೆ ಒಳಗಾಗುವುದೂ ಇದೇ. ಕರೆಂಟ್ ಇಲ್ಲದಾಗ ಮುಚ್ಚಿರಬೇಕು, 12 ವೋಲ್ಟ್ ಕೊಟ್ಟಾಗ ತೆರೆಯಬೇಕು, ಅಷ್ಟೇ ಅದರ ಧರ್ಮ.

ಗಾಡಿಯ ಮೇಲೇ ಮಾಡುವ ಪರೀಕ್ಷೆ ಮೊದಲು. ಬ್ಯಾಟರಿ ಮತ್ತೆ ಜೋಡಿಸಿ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ವಾಲ್ವಿನ ಕ್ಯಾನಿಸ್ಟರ್ ಕಡೆಯ ಹೋಸ್ ಬಿಚ್ಚಿ, ಆ ಬಾಯಿಗೆ ಬೆರಳಿಡಿ. ಎಳೆತ ಇರಬಾರದು. ಇದ್ದರೆ, ಎಂಜಿನ್ ಓಡುತ್ತಿರುವಾಗಲೇ ವೈರಿನ ಕನೆಕ್ಟರ್ ತೆಗೆಯಿರಿ. ಎಳೆತ ನಿಂತರೆ ವಾಲ್ವ್ ಸರಿಯಿದೆ, ವೈರಿಂಗ್ ಅಥವಾ ಇಸಿಯು ಅದನ್ನು ತೆರೆಯುತ್ತಿದೆ. ನಿಲ್ಲದಿದ್ದರೆ ವಾಲ್ವೇ ತೆರೆದು ಕಚ್ಚಿಕೊಂಡಿದೆ. ಈಗ ಎಂಜಿನ್ ಪೂರ್ತಿ ಬಿಸಿಯಾಗಲು ಬಿಟ್ಟು, 2500–3000 ಆರ್‌ಪಿಎಂಗೆ ರೇಸ್ ಕೊಟ್ಟು ಮತ್ತೆ ಬೆರಳಿಡಿ. ಮಿಡಿಯುವ ಎಳೆತ ಸಿಗಬೇಕು. ಸಿಗದಿದ್ದರೆ ಕ್ಯಾನಿಸ್ಟರ್ ಖಾಲಿಯಾಗುವ ದಾರಿಯೇ ಇಲ್ಲ, ಬಿಸಿಲಲ್ಲಿ ವಾಸನೆ ಬರುವುದು ಅದಕ್ಕೇ.

ನಂತರ ವಾಲ್ವ್ ಬಿಚ್ಚಿ ಗಾಡಿಯಿಂದ ದೂರ ಒಯ್ಯಿರಿ, ಕಿಡಿ ಮತ್ತು ಆವಿ ಒಂದೆಡೆ ಸೇರಬಾರದು. ಮಲ್ಟಿಮೀಟರ್‌ನಲ್ಲಿ ಎರಡು ಪಿನ್ ನಡುವೆ ಅಳೆಯಿರಿ. ಸಾಮಾನ್ಯವಾಗಿ 20ರಿಂದ 40 ಓಮ್ ಒಳಗೆ ಬರುತ್ತದೆ, ನಿಮ್ಮ ಮಾಡೆಲಿನ ಅಳತೆ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಅಳತೆಯೇ ತೋರಿಸದಿದ್ದರೆ ಕಾಯಿಲ್ ಕಡಿದಿದೆ, ಸೊನ್ನೆಯ ಹತ್ತಿರವಿದ್ದರೆ ಶಾರ್ಟ್. ಫ್ಯೂಸ್ ಇರುವ ವೈರಿನಿಂದ 12 ವೋಲ್ಟ್ ಕೊಟ್ಟರೆ "ಕಟ್" ಎನ್ನಬೇಕು. ಆದರೆ ಸದ್ದು ಬಂದ ಮಾತ್ರಕ್ಕೆ ನಂಬಬೇಡಿ: ಒಳಗೆ ಇದ್ದಿಲ ಕಾಳು ಸಿಕ್ಕಿಕೊಂಡ ವಾಲ್ವೂ "ಕಟ್" ಎನ್ನುತ್ತದೆ, ಮುಚ್ಚುವುದಿಲ್ಲ. ಕರೆಂಟ್ ಇಲ್ಲದೆ ಕೈಪಂಪಿನ ಗಾಳಿ ಬಿಟ್ಟು, ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿದ ಹೋಸ್‌ಗೆ ಜೋಡಿಸಿ. ಗುಳ್ಳೆ ಏಳುತ್ತಿದ್ದರೆ ಬಿಸಾಡಿ.

ಬೆಳಗಾವಿ, ಖಾನಾಪುರ ಕಡೆಯ ಗಾಡಿಗಳಲ್ಲಿ ವಾಲ್ವಿಗಿಂತ ಕನೆಕ್ಟರ್ ಹೆಚ್ಚು ಕೈಕೊಡುತ್ತದೆ. ನಾಲ್ಕು ತಿಂಗಳ ಮಳೆಗೆ ಪಿನ್ ಹಸಿರುಗಟ್ಟುತ್ತದೆ. ಕೀ ಆನ್ ಮಾಡಿದಾಗ ಕನೆಕ್ಟರ್‌ನ ಒಂದು ವೈರಿನಲ್ಲಿ ಬ್ಯಾಟರಿ ವೋಲ್ಟೇಜ್ ಬರಬೇಕು. ಇನ್ನೊಂದನ್ನು ಇಸಿಯು ಅರ್ತ್ ಮಾಡುತ್ತದೆ. ಪರೀಕ್ಷೆಗೆ ಎಲ್‌ಇಡಿ ಟೆಸ್ಟ್ ಲ್ಯಾಂಪ್ ಬಳಸಿ, ದೊಡ್ಡ ಬಲ್ಬ್ ಇಸಿಯುವಿನ ಟ್ರಾನ್ಸಿಸ್ಟರನ್ನು ಸುಡಬಹುದು.

ಕಾಣದ ಲೀಕಿಗೆ ನೀರಿನ ಮೀಟರ್

ದೊಡ್ಡ ವರ್ಕ್‌ಶಾಪ್‌ನಲ್ಲಿ ಸ್ಮೋಕ್ ಮಷಿನ್ ಇರುತ್ತದೆ. ಇಲ್ಲದಿದ್ದರೆ ಇದನ್ನು ಮಾಡಿ. ಒಂದೂವರೆ ಮೀಟರ್ ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ ಅರ್ಧ ನೀರು ತುಂಬಿ. ಒಂದು ತುದಿ ತೆರೆದಿರಲಿ. ಇನ್ನೊಂದು ತುದಿಗೆ ಟಿ ಜೋಡಿಸಿ, ಅದರ ಒಂದು ಕವಲಿಗೆ ಬಿಪಿ ನೋಡುವ ಉಪಕರಣದ ರಬ್ಬರ್ ಬಲ್ಬ್, ಮತ್ತೊಂದಕ್ಕೆ ಕ್ಯಾನಿಸ್ಟರ್‌ನ ಪರ್ಜ್ ಬಾಯಿ. ಹೊರಗಾಳಿಯ ಬಾಯಿಗೆ ರಬ್ಬರ್ ಬಿರಡೆ ಹಾಕಿ.

ಬಲ್ಬ್ ಒತ್ತುತ್ತ ಹೋಗಿ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ 30 ಸೆಂಟಿಮೀಟರ್ ಆದಾಗ ನಿಲ್ಲಿಸಿ, 35 ದಾಟಬಾರದು. ಅದು ಸುಮಾರು ಅರ್ಧ ಪಿಎಸ್‌ಐ. ಟ್ಯಾಂಕಿನಲ್ಲಿ 10 ಲೀಟರ್ ಖಾಲಿ ಜಾಗವಿದ್ದರೆ ಇದಕ್ಕೆ ಮುನ್ನೂರು ಮಿಲಿಲೀಟರ್‌ನಷ್ಟು ಗಾಳಿ ಸಾಕು. ಟೈರಿಗೆ ಹೊಡೆಯುವ ಕಂಪ್ರೆಸರ್ ಯಾಕೆ ಕೂಡದು ಎಂಬುದು ಇದರಲ್ಲೇ ಗೊತ್ತಾಗುತ್ತದೆ, ಅದರ ಒಂದು ಉಸಿರಿಗೆ ಟ್ಯಾಂಕಿನ ಬೆಸುಗೆ ಬಿಚ್ಚೀತು.

ಎರಡು ನಿಮಿಷ ಕಾಯಿರಿ. ಮಟ್ಟ ನಿಂತಿದ್ದರೆ ಸರಿ. ಇಳಿಯುತ್ತಿದ್ದರೆ ಮುಚ್ಚಳ, ಫಿಲ್ಲರ್ ಹೋಸ್, ಪಂಪಿನ ಗ್ಯಾಸ್ಕೆಟ್, ಪ್ರತಿ ಕ್ಲಿಪ್‌ಗೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಇದನ್ನು ಬೆಳಿಗ್ಗೆ ಬಿಸಿಲು ಏರುವ ಮೊದಲೇ ಮಾಡಬೇಕು. ಹನ್ನೊಂದರ ಹೊತ್ತಿಗೆ ಟ್ಯಾಂಕ್ ತಾನೇ ಆವಿ ಹುಟ್ಟಿಸಿ, ಲೀಕ್ ಇದ್ದರೂ ನೀರಿನ ಮಟ್ಟವನ್ನು ಎತ್ತಿ ಹಿಡಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಬಿರಡೆ ತೆಗೆಯಲು ಮರೆಯಬೇಡಿ, ಕಣಜ ಮಾಡುವ ಕೆಲಸವನ್ನು ನೀವೇ ಮಾಡಿದಂತಾಗುತ್ತದೆ.

ಎಮಿಷನ್ ಟೆಸ್ಟ್ ಫೇಲ್ ಆದರೆ

ಐಡ್ಲಿಂಗ್ ಮಿತಿಗಳು ಹೀಗಿವೆ: ಬಿಎಸ್ 2ಕ್ಕಿಂತ ಹಿಂದಿನ ಕಾರಿಗೆ ಸಿಒ (ಕಾರ್ಬನ್ ಮಾನಾಕ್ಸೈಡ್) ಶೇ 3, ಹೆಚ್‌ಸಿ (ಸುಡದೆ ಉಳಿದ ಪೆಟ್ರೋಲ್) 1500 ಪಿಪಿಎಂ, ಬಿಎಸ್ 2, 3ಕ್ಕೆ ಶೇ 0.5 ಮತ್ತು 750. ಬಿಎಸ್ 4ಕ್ಕೆ ಶೇ 0.3 ಮತ್ತು 200. ಸರ್ಟಿಫಿಕೇಟ್ ಸಿಕ್ಕರೆ ಸಾಕೆಂದು ಹೊರಡದೆ ಪರದೆಯ ಮೇಲಿನ ಅಂಕಿಗಳನ್ನು ಬರೆದುಕೊಳ್ಳಿ. ಸಿಒ ಮಾತ್ರ ಜಾಸ್ತಿ ಎಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಹೆಚ್‌ಸಿ ಮಾತ್ರ ಜಾಸ್ತಿ ಎಂದರೆ ಮಿಸ್ಸಿಂಗ್: ಪ್ಲಗ್, ಪ್ಲಗ್ ವೈರ್, ವಾಲ್ವ್ ಸಂದು, ಇಲ್ಲವೇ ವ್ಯಾಕ್ಯೂಮ್ ಲೀಕ್. ಎರಡೂ ಜಾಸ್ತಿಯಾದರೆ ರಿಚ್ (ಪೆಟ್ರೋಲ್ ಹೆಚ್ಚಾದ) ಮಿಶ್ರಣ, ಜೊತೆಗೆ ಹೊಗೆ ಶುದ್ಧ ಮಾಡುವ ಕನ್ವರ್ಟರ್ ಕೂಡ ದುಡಿಯುತ್ತಿಲ್ಲ.

ಸಿಒ ಜಾಸ್ತಿ ಇದ್ದಾಗ ಟೆಸ್ಟ್ ಸೆಂಟರಿನಲ್ಲೇ ಒಂದು ಕೆಲಸ ಮಾಡಿ. ಪ್ರೋಬ್ ಸೈಲೆನ್ಸರಿನಲ್ಲಿ ಇರುವಾಗಲೇ ಪರ್ಜ್ ಹೋಸನ್ನು ಚಪ್ಪಟೆ ಬಾಯಿಯ ಇಕ್ಕಳದಿಂದ, ಬಟ್ಟೆ ಸುತ್ತಿ ಹಿಸುಕಿ ಹಿಡಿಯಿರಿ. ಅರ್ಧ ನಿಮಿಷದಲ್ಲಿ ಸಿಒ ಜಾರಿ ಇಳಿದರೆ ಹೆಚ್ಚುವರಿ ಪೆಟ್ರೋಲ್ ಬರುತ್ತಿರುವುದು ಕ್ಯಾನಿಸ್ಟರ್‌ನಿಂದ, ಇಂಜೆಕ್ಟರಿನಿಂದಲ್ಲ. ಇಳಿಯದಿದ್ದರೆ ಏರ್ ಫಿಲ್ಟರ್, ಆಕ್ಸಿಜನ್ ಸೆನ್ಸರ್ ನೋಡಿ. ಬಿಸಿ ಎಂಜಿನ್‌ನಲ್ಲಿ ಹಳೆ ಮಾದರಿ ಸೆನ್ಸರಿನ ವೋಲ್ಟೇಜ್ 0.1ರಿಂದ 0.9ರ ನಡುವೆ ಓಲಾಡುತ್ತಿರಬೇಕು. ಒಂದೇ ಕಡೆ ನಿಂತಿದ್ದರೆ ಸೆನ್ಸರೇ ಸತ್ತಿದೆ ಎಂದು ತೀರ್ಮಾನಿಸಬೇಡಿ. ವ್ಯಾಕ್ಯೂಮ್ ಹೋಸೊಂದನ್ನು ಕ್ಷಣಕಾಲ ಬಿಚ್ಚಿ. ವೋಲ್ಟೇಜ್ ಥಟ್ಟನೆ ಕೆಳಗೆ ಬಿದ್ದರೆ ಸೆನ್ಸರ್ ಬದುಕಿದೆ, ಅದು ನಿಜವನ್ನೇ ಹೇಳುತ್ತಿತ್ತು.

ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಬಿಡುವುದು) ತೆಗೆದು ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಬರಬೇಕು. ಬರದಿದ್ದರೆ ಬದಲಿಸಿ, ಅಗ್ಗದ ಸಾಮಾನು.

ಕೋಡ್ ಓದುವವರಿಗೆ

ಇಲ್ಲಿನ ಹೆಚ್ಚಿನ ಹಳೆ ಗಾಡಿಗಳಲ್ಲಿ ಟ್ಯಾಂಕಿನ ಒತ್ತಡ ಅಳೆಯುವ ಸೆನ್ಸರ್ ಇಲ್ಲ. ಅದಕ್ಕೆ ಅಮೆರಿಕದ ವೀಡಿಯೊಗಳಲ್ಲಿ ಕಾಣುವ ಪಿ0442, ಪಿ0455 ಲೀಕ್ ಕೋಡ್‌ಗಳು (ಇಸಿಯು ದಾಖಲಿಸುವ ತಪ್ಪಿನ ನಂಬರುಗಳು) ನಮ್ಮವಕ್ಕೆ ಬರುವುದಿಲ್ಲ. ಮುಚ್ಚಳವೇ ಇಲ್ಲದೆ ಓಡಿಸಿದರೂ ಚೆಕ್ ಲೈಟ್ ಹತ್ತದು. ಲೈಟ್ ಇಲ್ಲ ಎಂದರೆ ತಪ್ಪಿಲ್ಲ ಎಂದಲ್ಲ. ಬರುವುದು ಪಿ0443, 0444, 0445: ಮೂರೂ ಪರ್ಜ್ ವಾಲ್ವಿನ ವೈರಿಂಗ್ ಮಾತು. ಪಿ0171 ಎಂದರೆ ಲೀನ್ (ಪೆಟ್ರೋಲ್ ಕಡಿಮೆ), ಪಿ0172 ಎಂದರೆ ರಿಚ್, ಪಿ0420 ಎಂದರೆ ಕನ್ವರ್ಟರ್. 0420 ಬಂದಾಗ ಮೊದಲು ಸೈಲೆನ್ಸರ್ ಜಾಯಿಂಟ್‌ಗಳಲ್ಲಿ ಸೋರಿಕೆ ಹುಡುಕಿ, ಅಲ್ಲಿ ನುಗ್ಗುವ ಹೊರಗಾಳಿ ಸೆನ್ಸರಿಗೆ ಸುಳ್ಳು ಹೇಳಿಸುತ್ತದೆ.

ಬ್ಲೂಟೂತ್ ಸ್ಕ್ಯಾನರ್ ಕೂಡಿಕೊಂಡರೆ ಶಾರ್ಟ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಏರಿಸಿದೆ, ಇಳಿಸಿದೆ ಎಂಬ ಅಂಕಿ) ನೋಡುತ್ತ ಪರ್ಜ್ ಹೋಸ್ ಹಿಸುಕಿ. ಮೈನಸ್ 15ರಲ್ಲಿದ್ದದ್ದು ಸೊನ್ನೆಯ ಕಡೆ ಬಂದರೆ ಆವಿ ತುಂಬಿದ ಕ್ಯಾನಿಸ್ಟರ್. ಪ್ಲಸ್‌ನಿಂದ ಸೊನ್ನೆಗೆ ಇಳಿದರೆ ಆ ದಾರಿಯಲ್ಲಿ ಬರೀ ಗಾಳಿ ನುಗ್ಗುತ್ತಿದೆ, ಹೋಸ್ ಎಲ್ಲೋ ಒಡೆದಿದೆ. ಸ್ಕ್ಯಾನರ್ ಕೂಡದ ಹಳೆ ಮಾರುತಿಗಳಲ್ಲಿ ಡಯಾಗ್ನೋಸಿಸ್ ಕನೆಕ್ಟರ್‌ನ ನಿಗದಿತ ಎರಡು ಪಿನ್ ಜೋಡಿಸಿದರೆ ಚೆಕ್ ಲೈಟ್ ಮಿಣುಕಿ ಕೋಡ್ ಹೇಳುತ್ತದೆ: ಒಂದು ಮಿಣುಕು, ಬಿಡುವು, ಎರಡು ಮಿಣುಕು, ಅಂದರೆ 12, ತಪ್ಪಿಲ್ಲ ಎಂದರ್ಥ. ಪಿನ್ ಯಾವುವು ಎಂದು ಮ್ಯಾನ್ಯುಯಲ್ ನೋಡದೆ ತಂತಿ ಸಿಕ್ಕಿಸಬೇಡಿ.

ಕೆಲಸ ಮುಗಿದ ದಿನವೇ ಎಮಿಷನ್‌ಗೆ ಹೋಗುವ ಅವಸರ ಬೇಡ. ಬ್ಯಾಟರಿ ಬಿಚ್ಚಿದ್ದರಿಂದ ಇಸಿಯು ಕಲಿತದ್ದನ್ನು ಮರೆತಿರುತ್ತದೆ, ಕ್ಯಾನಿಸ್ಟರ್ ಹಳೆಯದೇ ಆದರೆ ಅದರಲ್ಲಿ ಆವಿಯೂ ಉಳಿದಿರುತ್ತದೆ. ಅರ್ಧ ಟ್ಯಾಂಕಿನಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಬೆಳಗಿನ ತಂಪಿನಲ್ಲಿ, ಎಂಜಿನ್ ಬಿಸಿ ಇರುವಾಗಲೇ ಪ್ರೋಬ್ ಹಾಕಿಸಿ. ದಾರಿಯಲ್ಲಿ ಬಂಕಿಗೆ ತಿರುಗಬೇಡಿ.